ಅಪ್ಪ ಅಮ್ಮನ ಮದುವೆಗೆ ನಾನು ಓಡಾಡಿದ್ದು

ನನ್ನ ಅಪ್ಪ ಅಮ್ಮನ ಮದುವೆ ಫೋಟೋದಲ್ಲಿ ನಾನೂ ಇದ್ದೇನೆ. ಅಮ್ಮನ ಎಡಕ್ಕೆ, ಅವಳ ಹೂವಿನ ಗೊಂಚಲನ್ನು ನಾನೇ ಹಿಡಿದುಕೊಂಡು, ಬಿ.ಎ. ಪಾಸಾದವಳ ಮುಖ ಮಾಡಿಕೊಂಡು ನಿಂತಿದ್ದೇನೆ.

ಹಾರೋಹಳ್ಳಿಯ ಫ್ಯಾಕ್ಟರಿಯೊಂದರ ಆಫೀಸಿನಲ್ಲಿ ನನ್ನ ಮೇಜಿನ ಗಾಜಿನ ಕೆಳಗೆ ಆ ಫೋಟೋ ಇಟ್ಟಿದ್ದೇನೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಬಗ್ಗಿ ನೋಡಿ, ಯಾರ ಮದುವೆ ಮೇಡಂ ಎಂದು ಕೇಳುತ್ತಾರೆ. ನಮ್ಮಪ್ಪ ಅಮ್ಮಂದು ಅನ್ನುತ್ತೇನೆ. ಅವರು ಒಮ್ಮೆ ಫೋಟೋ ನೋಡುತ್ತಾರೆ, ಒಮ್ಮೆ ನನ್ನನ್ನು ನೋಡುತ್ತಾರೆ, ಮನಸ್ಸಿನಲ್ಲೇ ಏನೋ ಲೆಕ್ಕ ಹಾಕುತ್ತಾರೆ, ಆಮೇಲೆ ಮರ್ಯಾದಸ್ಥರಾದ್ದರಿಂದ ಟೀ ಕುಡಿಯಲು ಹೋಗಿಬಿಡುತ್ತಾರೆ. ನಾನು ಎರಡು ದಿನ ಹಾಗೇ ಬಿಡುತ್ತೇನೆ. ಮೂರನೆಯ ದಿನ ಕರೆದು ಕೂರಿಸಿ ಪೂರಾ ಕಥೆ ಹೇಳುತ್ತೇನೆ. ನಿಮ್ಮನ್ನು ಮೂರು ದಿನ ಕಾಯಿಸುವುದಿಲ್ಲ.

ಫೋಟೋದಲ್ಲಿ ಇನ್ನೂ ಕೆಲವು ಸಂಗತಿಗಳಿವೆ. ಅಪ್ಪನ ಪ್ಯಾಂಟಿನ ತುದಿ ಬ್ಲೀಚಿಂಗ್ ಪೌಡರಿನಿಂದ ಬೆಳ್ಳಗಾಗಿದೆ. ಬಲಗಡೆ ನಿಂತಿರುವ ಪಾಸ್ಟರ್ ಅಂಗಿಯ ಮೇಲೆ ಹಳದಿ ಕಲೆ. ಎಡಗಡೆ ನಿಂತ ಫಾದರ್ ಭುಜದ ಮೇಲೆ ಒಂದು ರೇಷ್ಮೆ ಹುಳು. ಫೋಟೋದವನು ಅದನ್ನು ಕಂಪ್ಯೂಟರಿನಲ್ಲಿ ಅಳಿಸಿಕೊಡುತ್ತೇನೆ ಅಂದಿದ್ದ. ಅಮ್ಮ ಒಪ್ಪಲಿಲ್ಲ. "ಇರ್ಲಿ ಬುಡಪ್ಪ, ಅದೂ ಮದ್ವೆಗೇ ಬಂದೈತೆ" ಅಂದಳು.

ನಮ್ಮದು ಹೊಂಗನೂರಿನ ಆಚೆಯ ಹಳ್ಳಿ, ರೇಷ್ಮೆ ಹುಳು ಸಾಕುವ ಮನೆ. ಅಪ್ಪ ದಾನಿಯೇಲಪ್ಪ ಪ್ರಾಟೆಸ್ಟೆಂಟ್, ಅಮ್ಮ ಲೂರ್ದಮ್ಮ ಕ್ಯಾಥೊಲಿಕ್, ಹುಳುಗಳು ಯಾವ ಕಡೆಗೂ ಸೇರಿದವಲ್ಲ. ನನಗೆ ಅಪ್ಪನ ಕಡೆಯವರು ಕೃಪಾ ಅಂತಲೂ ಅಮ್ಮನ ಕಡೆಯವರು ಮೇರಿ ಅಂತಲೂ ಹೆಸರಿಟ್ಟರು. ಎರಡನ್ನೂ ಸೇರಿಸಿ ಕೃಪಾಮೇರಿ ಎಂದು ಶಾಲೆಯಲ್ಲಿ ಬರೆಸಿದರು. ಊರಲ್ಲಿ ಇಡೀ ಹೆಸರು ಕರೆಯುವಷ್ಟು ಪುರುಸೊತ್ತು ಯಾರಿಗೂ ಇಲ್ಲದ್ದರಿಂದ ಎಲ್ಲರಿಗೂ ನಾನು ಮಗ. ನಮ್ಮ ಕಡೆ ಹೆಣ್ಣಾದರೂ ಮಗ ಅಂತಲೇ ಕರೆಯುತ್ತಾರೆ.

ಸಣ್ಣವಳಿದ್ದಾಗ ನಾನು ದೇವರು ಇಬ್ಬರು ಅಂದುಕೊಂಡಿದ್ದೆ. ಒಬ್ಬ ಸ್ವಲ್ಪ ಆತುರದವನು, ಇನ್ನೊಬ್ಬ ನಿಧಾನಸ್ಥ. ಯಾಕೆಂದರೆ ಸಂಜೆ ಪ್ರಾರ್ಥನೆಯಲ್ಲಿ ಯೇಸು ಕಲಿಸಿದ ಅದೇ ಪ್ರಾರ್ಥನೆಯನ್ನು ಇಬ್ಬರೂ ಒಟ್ಟಿಗೆ ಹೇಳುತ್ತಿದ್ದರು, ಅಮ್ಮ ಒಂದು ಕಡೆ ಆಮೆನ್ ಅಂದು ನಿಲ್ಲಿಸಿಬಿಡುತ್ತಿದ್ದಳು, ಅಪ್ಪ ಮಾತ್ರ ಇನ್ನೂ ಒಂದು ಸಾಲು ಮುಂದಕ್ಕೆ ಹೋಗುತ್ತಿದ್ದ. ಆ ಒಂದು ಸಾಲಿನ ಸಂದಿನಲ್ಲಿ ನಾನು ಅಡುಗೆಮನೆಗೆ ಓಡಿ ಉಪ್ಸಾರಿನ ಕಾಳು ಬಾಯಿಗೆ ಹಾಕಿಕೊಂಡು ವಾಪಸ್ಸು ಬಂದು ಅಪ್ಪನ ಆಮೆನ್‌ಗೆ ಸರಿಯಾಗಿ ಕೈಮುಗಿಯುತ್ತಿದ್ದೆ. ಕ್ರೈಸ್ತರ ಈ ಎರಡು ಸಭೆಗಳು ಬೇರೆಯಾದದ್ದರಿಂದ ಪ್ರಪಂಚದಲ್ಲಿ ಯಾರಿಗಾದರೂ ಲಾಭವಾಗಿದ್ದರೆ ಅದು ನನಗೇ.

ಇನ್ನು ಹತ್ತು ಆಜ್ಞೆಗಳ ಕಥೆ. ಆಜ್ಞೆಗಳು ಎರಡೂ ಕಡೆಯವರಿಗೆ ಅವೇ, ಆದರೆ ಎಣಿಸುವ ರೀತಿ ಬೇರೆ. ಅಮ್ಮನ ಲೆಕ್ಕದಲ್ಲಿ ಏಳನೆಯದು ಕದಿಯಬೇಡ. ಅಪ್ಪನ ಲೆಕ್ಕದಲ್ಲಿ ಏಳನೆಯದು ವ್ಯಭಿಚಾರ ಮಾಡಬೇಡ. ಇದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೆ ಎಂಟು ವರ್ಷವಿದ್ದಾಗ ಪಕ್ಕದ ಮನೆ ನಂಜಮ್ಮತ್ತೆಯ ಹಿತ್ತಲಲ್ಲಿ ನಾಲ್ಕು ಸೀಬೆಕಾಯಿ ಕಿತ್ತೆ. ಸಂಜೆ ಅಪ್ಪ ಸೊಪ್ಪಿನ ಹೊರೆ ಇಳಿಸುತ್ತಿದ್ದಾಗ ಅಮ್ಮ ಗಂಭೀರವಾಗಿ, ನಿಮ್ಮ ಮಗಳು ಏಳನೇ ಆಜ್ಞೆ ಮುರಿದಿದ್ದಾಳೆ ಅಂತ ದೂರು ಹೇಳಿದಳು. ಅಪ್ಪ ಹೊರೆಯ ಮೇಲೇ ಕೂತುಬಿಟ್ಟ. ಬಹಳ ಸಣ್ಣ ದನಿಯಲ್ಲಿ, ಯಾರ ಜೊತೆ ಅಂತ ಕೇಳಿದ. ಒಬ್ಳೇ ಹೋಗಿದ್ಳು, ಮರ ಹತ್ತಿ ಕಿತ್ತವ್ಳೆ ಅಂದಳು ಅಮ್ಮ. ಅವತ್ತು ಎರಡು ಬೈಬಲ್ಲುಗಳನ್ನೂ ಹೊರಗೆ ತೆಗೆದರು. ಅಮ್ಮನದು ದಪ್ಪ, ಅದರಲ್ಲಿ ಏಳು ಪುಸ್ತಕ ಜಾಸ್ತಿ. ಅಷ್ಟು ಹುಡುಕಾಟ ನಡೆಯುವ ಹೊತ್ತಿಗೆ ಸೀಬೆಕಾಯಿ ಮುಗಿದಿದ್ದವು.

ಹುಳು ಸಾಕುವ ಮನೆಗೆ ಪ್ರತಿ ಬೆಳೆಯ ಮೊದಲು ಪ್ರಾರ್ಥನೆ ಆಗಬೇಕಿತ್ತು. ಒಂದು ಬೆಳೆಗೆ ಅಮ್ಮನ ಚರ್ಚಿನ ಫಾದರ್, ಮುಂದಿನ ಬೆಳೆಗೆ ಅಪ್ಪನ ಚರ್ಚಿನ ಪಾಸ್ಟರ್ ಎಂದು ಅಪ್ಪ ಅಮ್ಮ ಪಾಳಿ ಮಾಡಿಕೊಂಡಿದ್ದರು. ಫಾದರ್ ಬಂದರೆ ಪವಿತ್ರ ಜಲ, ಪಾಸ್ಟರ್ ಬಂದರೆ ಮುಕ್ಕಾಲು ಗಂಟೆ ಪ್ರಾರ್ಥನೆ. ಯಾರ ಬೆಳೆಯಲ್ಲಿ ಗೂಡು ಚೆನ್ನಾಗಿ ಬಂತೋ ಅವರ ಬೋಧನೆ ಸರಿ ಎಂದು ಆ ತಿಂಗಳು ತೀರ್ಮಾನ. ಮುಂದಿನ ಬೆಳೆಗೆ ತೀರ್ಮಾನ ಬದಲಾಗುತ್ತಿತ್ತು. ಇಬ್ಬರೂ ಒಂದೇ ಒಂದು ಮಾತಿಗೆ ಒಪ್ಪಿದ್ದರು, ಧೂಪ ಹಾಕಬಾರದು. ಹೊಗೆ, ಪೌಡರು, ಸೆಂಟು, ಯಾವ ವಾಸನೆಯೂ ಹುಳುವಿಗೆ ಆಗುವುದಿಲ್ಲ. ಹೊರಗಿನವರು ಬಾಗಿಲಲ್ಲಿಟ್ಟ ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಿಯೇ ಒಳಗೆ ಬರಬೇಕು.

ಇಷ್ಟೆಲ್ಲ ನಗುವಿನ ನಡುವೆ ಒಂದು ಸಂಗತಿಯನ್ನು ನಾನು ಬಹಳ ಕಾಲ ತಪ್ಪಾಗಿ ತಿಳಿದುಕೊಂಡಿದ್ದೆ. ತಿಂಗಳಿಗೊಂದು ಭಾನುವಾರ ಅಮ್ಮ ನನ್ನನ್ನು ಪಟ್ಟಣದ ಕ್ಯಾಥೊಲಿಕ್ ಚರ್ಚಿಗೆ ಕರೆದೊಯ್ಯುತ್ತಿದ್ದಳು. ಕೊನೆಯ ಬೆಂಚಿನ ತುದಿಯೇ ಅವಳ ಜಾಗ. ಪರಮಪ್ರಸಾದದ ಹೊತ್ತಿಗೆ, ಅಂದರೆ ಬಿಳಿಯ ಸಣ್ಣ ರೊಟ್ಟಿಯನ್ನು ಯೇಸುವಿನ ದೇಹವೆಂದು ಸ್ವೀಕರಿಸುವ ಹೊತ್ತಿಗೆ, ಎಲ್ಲರೂ ಎದ್ದು ಸಾಲಿಗೆ ಹೋಗುತ್ತಿದ್ದರು. ಅಮ್ಮ ಮಾತ್ರ ಕೂತಲ್ಲೇ ಮೊಣಕಾಲು ಓರೆ ಮಾಡಿ ಒಬ್ಬೊಬ್ಬರಿಗೂ ದಾರಿ ಬಿಡುತ್ತಿದ್ದಳು. ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ. ಅದು ಚರ್ಚಿನವರು ಅವಳಿಗೆ ಕೊಟ್ಟ ಕೆಲಸ ಅಂದುಕೊಂಡಿದ್ದೆ. ಶಾಲೆಯಲ್ಲಿ ನಿಮ್ಮಮ್ಮ ಏನು ಕೆಲಸ ಮಾಡುತ್ತಾರೆ ಎಂದು ಮೇಷ್ಟ್ರು ಕೇಳಿದಾಗ, ಚರ್ಚಿನಲ್ಲಿ ದಾರಿ ಬಿಡುತ್ತಾರೆ ಎಂದು ಹೇಳಿದ್ದೆ.

ಅದಕ್ಕೆ ಕಾರಣ ನನಗೆ ತಿಳಿದದ್ದು ಡಿಗ್ರಿ ಬಂದ ಮೇಲೆ. ನಮ್ಮ ವಂಶದಲ್ಲಿ ಡಿಗ್ರಿ ಮುಟ್ಟಿದ ಮೊದಲ ಕೈ ನನ್ನದು. ಬೆಳಿಗ್ಗೆ ಐದಕ್ಕೆದ್ದು ಹುಳುವಿಗೆ ಸೊಪ್ಪು ಹಾಕಿ, ಏಳೂವರೆ ಬಸ್ಸಿಗೆ ಓಡಿ, ಕೂದಲಲ್ಲಿ ಹಿಪ್ಪುನೇರಳೆ ಎಲೆ ಸಿಕ್ಕಿಸಿಕೊಂಡೇ ಕಾಲೇಜಿನಲ್ಲಿ ಕೂತು ಪಾಸಾದವಳು. ಆದ್ದರಿಂದ ಆಗಾಗ ಹೇಳಿಕೊಳ್ಳುತ್ತೇನೆ, ಬೇಜಾರಾದರೆ ಸಹಿಸಿಕೊಳ್ಳಿ. ರಿಸಲ್ಟ್ ಬಂದ ಭಾನುವಾರ ಅಮ್ಮನನ್ನು ಹಿಡಿದು ಕೂರಿಸಿ, ನೀನು ಯಾಕೆ ಪ್ರಸಾದ ತಗೊಳ್ಳೋದಿಲ್ಲ ಎಂದು ಕೇಳಿದೆ. ಅಮ್ಮ ಕನಕಪುರದ ಕಡೆಯವಳು. ಹುಳು ಗೂಡು ಕಟ್ಟಲು ಬೇಕಾದ ಬಿದಿರಿನ ಚಂದ್ರಿಕೆಗಳನ್ನು ಟೆಂಪೋದಲ್ಲಿ ತಂದುಕೊಡುತ್ತಿದ್ದ ಅಪ್ಪನನ್ನು ಮೆಚ್ಚಿ, ಅಪ್ಪನ ಚರ್ಚಿನಲ್ಲೇ ಮದುವೆಯಾದಳು. ಅವಳ ಅಪ್ಪ ಕೋಪದಲ್ಲಿ ಒಂದು ಮಾತು ಹೇಳಿದ್ದ. ನಿನ್ನ ಗಂಡ ನಮ್ಮ ಚರ್ಚಿನಲ್ಲಿ ಜ್ಞಾನಸ್ನಾನದ ದೀಕ್ಷೆ ತಗೊಳ್ಳುವವರೆಗೂ ನಿನಗೆ ಪರಮಪ್ರಸಾದ ಇಲ್ಲ ಎಂದು. ಅಮ್ಮ ಅದನ್ನೇ ಚರ್ಚಿನ ಕಾನೂನು ಅಂದುಕೊಂಡು ಇಪ್ಪತ್ತೆಂಟು ವರ್ಷ ಮೊಣಕಾಲು ಓರೆ ಮಾಡಿದ್ದಳು.

ಫಾದರ್ ಹತ್ತಿರ ಒಂದು ಸಲವೂ ಕೇಳಲಿಲ್ಲವಾ ಅಂದೆ.

"ಕೇಳಿ, ಇಲ್ಲ ಅಂದ್ಬುಟ್ರೆ? ಕೇಳ್ದೇ ಇದ್ರೆ ಒಸಿ ಆಸೆನಾದ್ರೂ ಇರ್ತದೆ."

ನಾನು ಡಿಗ್ರಿಯ ಮೊದಲ ಉಪಯೋಗವಾಗಿ ಮರುದಿನವೇ ಫಾದರ್ ಮುಂದೆ ಹೋಗಿ ನಿಂತೆ. ಅವರು ಮಾಗಡಿ ಕಡೆಯ ರೈತರ ಮನೆಯವರು, ದಪ್ಪ ಕನ್ನಡಕ, ನಿಧಾನದ ಮಾತು. ಪದವೀಧರೆಯಾಗಿ ನಾನು ನಾಲ್ಕು ಪುಟದ ವಾದ ಬರೆದುಕೊಂಡು ಹೋಗಿದ್ದೆ. ಓದಲು ಬಿಡಲೇ ಇಲ್ಲ. ನಿಮ್ಮ ತಂದೆಯವರು ಅವರ ಸಭೆಯಲ್ಲಿ ತಗೊಂಡದ್ದೂ ಜ್ಞಾನಸ್ನಾನವೇ, ಮತ್ತೆ ಬೇಕಾಗಿಲ್ಲ, ಬಿಷಪ್ಪರ ಅನುಮತಿ ತರಿಸುತ್ತೇನೆ, ಇಲ್ಲಿ ಬಂದು ಒಂದು ಸಲ ಮದುವೆಯ ಒಪ್ಪಿಗೆ ಹೇಳಿದರೆ ಅಮ್ಮನಿಗೆ ಯಾವ ಅಡ್ಡಿಯೂ ಇಲ್ಲ ಅಂದರು. ಹಾಗಾದರೆ ಇಪ್ಪತ್ತೆಂಟು ವರ್ಷ ಯಾಕೆ ಎಂದು ಕೇಳಿದೆ.

"ಯಾರಾದ್ರೂ ಬಂದು ಕೇಳಿದ್ರೆ ತಾನೆ ಕಣವ್ವ" ಅಂದರು.

ಕುಣಿದುಕೊಂಡು ಮನೆಗೆ ಬಂದೆ. ಅಪ್ಪ ಒಂದೇ ಮಾತಿಗೆ ನನ್ನ ಕುಣಿತ ನಿಲ್ಲಿಸಿದ.

"ನಮ್ಮ ಅಯ್ಯನೋರು ಮಾಡಿದ್ ಮದ್ವೆ ಮದ್ವೆ ಅಲ್ವಾ? ಇನ್ನೊಂದ್ಸಲ ಆದ್ರೆ, ಇಷ್ಟು ವರ್ಷ ನಾನು ಅವಳ್ನ ಏನಂತ ಇಟ್ಕಂಡಿದ್ದೆ ಅಂತ ಆಯ್ತದೆ?"

ಅವನ ಮಾತಿನಲ್ಲಿ ನ್ಯಾಯವಿತ್ತು. ಅಮ್ಮ, ಬುಡು ಮಗ, ನಂಗೇನು ಕಷ್ಟ ಅಂತ ಸೊಪ್ಪು ಹಾಕಲು ಎದ್ದುಹೋದಳು.

ಅಪ್ಪ ಅಮ್ಮನ ಚರ್ಚಿನ ಒಳಗೆ ಯಾವತ್ತೂ ಹೋದವನಲ್ಲ. ಅವಳನ್ನು ಗಾಡಿಯಲ್ಲಿ ತಂದು ಬಿಟ್ಟು, ಎದುರಿನ ಟೀ ಅಂಗಡಿಯಲ್ಲಿ ಪೇಪರ್ ಓದುತ್ತಾ ಕೂರುತ್ತಿದ್ದ. ಮುಂದಿನ ಭಾನುವಾರ ನಾನು ಅವನಿಗೆ ಧರ್ಮದ ಮಾತು ಹೇಳದೆ ಫ್ಯಾನಿನ ಮಾತು ಹೇಳಿದೆ. ಹೊರಗೆ ಬಿಸಿಲು, ಒಳಗೆ ತಲೆ ಮೇಲೆ ಫ್ಯಾನು ಐತೆ ಕಣಪ್ಪ ಅಂದೆ. ಬಂದು ಪಕ್ಕದ ಸಾಲಿನ ಕೊನೆಯಲ್ಲಿ ಕೂತ. ಪೂಜೆಯುದ್ದಕ್ಕೂ ತನ್ನ ಚರ್ಚಿನಲ್ಲಿ ಇಲ್ಲದ, ಗೋಡೆಯ ಮೇಲಿನ ಸಂತರ ಪ್ರತಿಮೆಗಳನ್ನು ಅನುಮಾನದಿಂದ ನೋಡುತ್ತಿದ್ದ. ಪ್ರಸಾದದ ಹೊತ್ತಿಗೆ ಜನ ಎದ್ದರು. ಅಮ್ಮ ಮೊಣಕಾಲು ಓರೆ ಮಾಡಿದಳು. ಒಬ್ಬ ಅಜ್ಜಿ ದಾಟಿದಳು, ಗಂಡ ಹೆಂಡತಿ ದಾಟಿದರು, ಹೊಸದಾಗಿ ಪ್ರಸಾದ ತಗೊಳ್ಳಲು ಶುರುಮಾಡಿದ್ದ ಎಂಟು ವರ್ಷದ ಹುಡುಗಿಯೊಬ್ಬಳು ಅಮ್ಮನ ಕಾಲು ತುಳಿದುಕೊಂಡೇ ಓಡಿದಳು. ಅಪ್ಪ ಸಂತರನ್ನು ನೋಡುವುದು ಬಿಟ್ಟ.

ವಾಪಸ್ಸು ಬರುವಾಗ ಅರ್ಧ ದಾರಿಯಲ್ಲಿ ಗಾಡಿ ನಿಲ್ಲಿಸಿ, ಬಸ್ಸಿನಲ್ಲಿ ಹಿಂದೆ ಬರಬೇಕಾಗಿದ್ದ ನನಗೆ ಫೋನು ಮಾಡಿದ. ಯಾವತ್ತು ಅಂತ ಕೇಳು ಫಾದರ್‌ನ, ಆದರೆ ನಮ್ಮ ಅಯ್ಯನವರು ಇರಬೇಕು, ಮೊದಲನೇ ಸಲ ಅನ್ನೋ ಮಾತು ಯಾರ ಬಾಯಲ್ಲೂ ಬರಬಾರದು ಅಂದ.

ಅಯ್ಯನವರು ಅಂದರೆ ಅಪ್ಪನ ಸಭೆಯ ಪಾಸ್ಟರ್. ಮದುವೆ ಮಾಡಿಸಿದ ಹಳೆಯ ಪಾಸ್ಟರ್ ತೀರಿಕೊಂಡಿದ್ದರು. ಈಗಿನವರು ವಯಸ್ಸಿನಲ್ಲಿ ಚಿಕ್ಕವರು, ಸದಾ ಇಸ್ತ್ರಿ ಬಟ್ಟೆ, ಘಮಘಮ ಪೌಡರು. ವಿಷಯ ಕೇಳಿ ಗಲ್ಲ ಉಜ್ಜಿಕೊಂಡು, ತೀರಿಕೊಂಡ ದೊಡ್ಡವರ ಪರವಾಗಿ ನಾನು ಸ್ವಲ್ಪ ಕೋಪ ಮಾಡಿಕೊಳ್ಳಬೇಕಾಗುತ್ತದಲ್ಲ ಅಂದರು. ಎರಡು ದಿನ ಕೋಪ ಮಾಡಿಕೊಂಡು ಮೂರನೆಯ ದಿನ, ಮದುವೆಗೆ ಬರುತ್ತೇನೆ ಅಂದರು, ಬೈಬಲಿನ ಒಂದು ಭಾಗ ತಾವು ಓದಬೇಕೆಂಬ ಷರತ್ತಿನ ಮೇಲೆ. ಫಾದರ್, ಎರಡು ಓದಲಿ ಅಂದರು.

ಬಿಷಪ್ಪರ ಅನುಮತಿಯೂ ಬಂತು. ಇನ್ನು ದಿನ ಗೊತ್ತು ಮಾಡುವುದು. ಮುಂದಿನ ಬುಧವಾರ ಅಮ್ಮನ ಕಡೆಯವರ ತಪಸ್ಸುಕಾಲ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು, ಶುರು. ಆಮೇಲೆ ಈಸ್ಟರ್ ಮುಗಿಯುವವರೆಗೆ ಮದುವೆಯ ಮಾತಿಲ್ಲ. ಹುಳು ಆಗಲೇ ನಾಲ್ಕನೇ ಜ್ವರದಿಂದ, ಅಂದರೆ ನಾಲ್ಕನೇ ಸಲ ಪೊರೆ ಕಳಚಿ, ಎದ್ದು ಗಬಗಬ ಸೊಪ್ಪು ತಿನ್ನುತ್ತಿದ್ದವು. ಅಪ್ಪ ಒಮ್ಮೆ ಇಣುಕಿ ನೋಡಿ ಶನಿವಾರಕ್ಕೆಲ್ಲ ಹಣ್ಣಾಗುತ್ತವೆ ಅನ್ನಿಸುತ್ತದೆ ಅಂದ. ಹುಳು ಹಣ್ಣಾಯಿತೆಂದರೆ ಸೊಪ್ಪು ಬಿಟ್ಟು ತಲೆ ಎತ್ತುತ್ತದೆ, ಆ ದಿನವೇ ಎಲ್ಲವನ್ನೂ ಆಯ್ದು ಚಂದ್ರಿಕೆಗೆ ಬಿಡಬೇಕು, ಇಲ್ಲದಿದ್ದರೆ ನೂಲನ್ನು ಸೊಪ್ಪಿನ ಕಡ್ಡಿಗೇ ಸುತ್ತಿ ಹಾಳು ಮಾಡುತ್ತದೆ. ನಾನು ಕಂಪ್ಯೂಟರ್ ತೆಗೆದು, ಹಿಂದಿನ ಬೆಳೆಯ ದಿನಗಳನ್ನು ಸಾಲಾಗಿ ಹಾಕಿ, ಸೋಮವಾರಕ್ಕೆ ಮೊದಲು ಸಾಧ್ಯವೇ ಇಲ್ಲ ಎಂದು ತೋರಿಸಿಕೊಟ್ಟೆ. ಬಣ್ಣದ ಗೆರೆಗಳನ್ನು ನೋಡಿ ಅಪ್ಪ ಒಪ್ಪಿಕೊಂಡ. ಶನಿವಾರ ಬೆಳಿಗ್ಗೆ ಹತ್ತಕ್ಕೆ ಎಂದು ಗೊತ್ತಾಯಿತು.

ಹಿಂದಿನ ಬೆಳೆ ಚಳಿಗಾಲದ್ದು, ಚಳಿಯಲ್ಲಿ ಹುಳು ನಿಧಾನವಾಗಿ ಹಣ್ಣಾಗುತ್ತವೆ ಎಂಬುದು ನನ್ನ ಗೆರೆಗಳಿಗೆ ಗೊತ್ತಿರಲಿಲ್ಲ.

ಶುಕ್ರವಾರ ಸಂಜೆ ಅಮ್ಮ ಪಾಪನಿವೇದನೆಗೆ ಹೋದಳು. ಫಾದರ್ ಕಿವಿಗೆ ಮಾತ್ರ ಕೇಳುವಂತೆ ತಪ್ಪುಗಳನ್ನು ಒಪ್ಪಿಕೊಳ್ಳುವುದು ಅದು. ಇಪ್ಪತ್ತೆಂಟು ವರ್ಷದ ಬಾಕಿ ಬೇರೆ. ಅಪ್ಪ ಹೊರಗೆ ಬೇವಿನ ಮರದ ಕೆಳಗೆ ನಿಂತು ಐದು ನಿಮಿಷ ಕಾದ, ಹತ್ತು ನಿಮಿಷ ಕಾದ, ಕಾಲು ಗಂಟೆಯಾದ ಮೇಲೆ ಮೆಲ್ಲಗೆ ನನ್ನ ಹತ್ತಿರ ಬಂದ.

"ಇಷ್ಟೊತ್ತು ಏನ್ಲಾ ಹೇಳ್ತಾವ್ಳೆ? ನಂದೂ ಸೇರಿಸಿ ಹೇಳ್ತಾವ್ಳಾ?"

ನಿಮ್ಮವರಲ್ಲಿ ಇದು ಇಲ್ಲವಲ್ಲ, ನಿನ್ನದು ಅವಳೇ ಮುಗಿಸಿಬಿಡಲಿ ಅಂದೆ. ಅಪ್ಪ ಗಾಬರಿಯಿಂದ ಕಿಟಕಿಯ ಕಡೆ ನೋಡಿದ.

ಶನಿವಾರ ಬೆಳಿಗ್ಗೆ ಆರಕ್ಕೆ ಅಮ್ಮ ಹೊಸ ಸೀರೆಯಲ್ಲಿ, ನಾನು ಅವಳ ತಲೆಗೆ ಮಲ್ಲಿಗೆ ಮುಡಿಸುತ್ತಿದ್ದೆ. ಹುಳದ ಮನೆಯಿಂದ ಅಪ್ಪ ಹೊರಗೆ ಬಂದು ಬಾಗಿಲಲ್ಲಿ ನಿಂತ. ಅವನ ಮುಖ ನೋಡಿಯೇ ನನಗೆ ಗೊತ್ತಾಯಿತು. ಹುಳು ತಲೆ ಎತ್ತಿದ್ದವು. ಸಾವಿರಾರು ತಲೆ, ಬೆಳಕಿಗೆ ಹಿಡಿದರೆ ದ್ರಾಕ್ಷಿಯ ಹಾಗೆ ಆಚೆ ಕಡೆ ಕಾಣುವ ಮೈ. ಅಮ್ಮ ತಲೆಯ ಹೂವು ತೆಗೆದು ನನ್ನ ಕೈಗೆ ಕೊಟ್ಟಳು.

"ಇಪ್ಪತ್ತೆಂಟು ವರ್ಷ ಆಗೈತೆ. ಇನ್ನು ಈಸ್ಟರ್ ಎಷ್ಟು ದೂರ. ಹುಳ ಬುಟ್ಟು ಬರಾಕಾಯ್ತದಾ" ಎಂದು ಹಳೆಯ ಸೀರೆ ಹುಡುಕಿದಳು.

ವಿಚಿತ್ರವೆಂದರೆ ಈಗ ಸಿಟ್ಟು ಬಂದದ್ದು ಅಪ್ಪನಿಗೆ. ಮದುವೆ ಬೇಡ ಅಂದವನೇ ಇವನು. ಇವತ್ತೇ ಆಗಬೇಕು ಎಂದು ಫಾದರ್‌ಗೆ ತಾನೇ ಫೋನು ಮಾಡಿದ. ಸಂಜೆ ಐದರ ಪೂಜೆಗೆ ಮುಂಚೆ ಮಾಡೋಣ, ಅಷ್ಟರಲ್ಲಿ ಮುಗಿಯುತ್ತದಾ ಅಂದರು ಅವರು. ಆಳಿಲ್ಲ ಸ್ವಾಮಿ, ಆಯೋಕೆ ನಾವು ಮೂರೇ ಜನ ಅಂದ ಅಪ್ಪ. ಫೋನು ಕಟ್ಟಾಯಿತು. ಮುಕ್ಕಾಲು ಗಂಟೆಯಲ್ಲಿ ಫಾದರ್ ಸ್ಕೂಟರು ನಮ್ಮ ಅಂಗಳದಲ್ಲಿತ್ತು. ನಾನು ಹುಳದ ಮನೆಯಲ್ಲೇ ಬೆಳೆದವನು, ಎಷ್ಟು ಚಂದ್ರಿಕೆ ಐತೆ ತನ್ನಿ ಅಂದರು. ಹಿಂದೆಯೇ ಮದುವೆಗೆಂದು ಸಿದ್ಧವಾಗಿ ಪಾಸ್ಟರ್ ಬಂದರು. ಅವರಿಗೆ ಯಾರೂ ಏನೂ ಹೇಳಿರಲಿಲ್ಲ.

ಅಪ್ಪ ಬಾಗಿಲಲ್ಲಿ ನಿಂತು ಇಬ್ಬರನ್ನೂ ಮೂಸಿ ನೋಡಿದ. ಫಾದರ್ ನಿಲುವಂಗಿಗೆ ಧೂಪದ ವಾಸನೆ, ಪಾಸ್ಟರ್ ಕತ್ತಿಗೆ ಪೌಡರಿನ ವಾಸನೆ. ಇಬ್ಬರಿಗೂ ಪ್ರವೇಶ ನಿರಾಕರಣೆ. ಒಬ್ಬರು ನಿಲುವಂಗಿ ಕಳಚಿ ಅಪ್ಪನ ಲುಂಗಿ ಸುತ್ತಿಕೊಂಡರು, ಇನ್ನೊಬ್ಬರು ಬಚ್ಚಲಲ್ಲಿ ಕತ್ತು ತೊಳೆದರು. ಬ್ಲೀಚಿಂಗ್ ನೀರಿನ ತೊಟ್ಟಿ ಒಂದೇ. ನೀವು ಮೊದಲು, ನೀವು ಮೊದಲು ಎಂದು ಸ್ವಲ್ಪ ಹೊತ್ತಾಯಿತು. ಕೊನೆಗೆ ಅಪ್ಪ ಇಬ್ಬರ ತೋಳೂ ಹಿಡಿದು ಒಟ್ಟಿಗೇ ಇಳಿಸಿದ.

ಹುಳದ ಮನೆಯಲ್ಲಿ ಜೋರಾಗಿ ಮಾತಾಡಬಾರದು ಎಂಬುದು ಅಪ್ಪನ ಕಟ್ಟಳೆ. ಹೀಗಾಗಿ ಎರಡು ಸಭೆಗಳ ನೂರಾರು ವರ್ಷದ ಜಗಳ ಅವತ್ತು ನಮ್ಮ ಮನೆಯಲ್ಲಿ ಪಿಸುಮಾತಿನಲ್ಲಿ ನಡೆಯಿತು. ಮನುಷ್ಯ ನಂಬಿಕೆಯಿಂದಲೇ ಉದ್ಧಾರವಾಗುತ್ತಾನೆ, ಅವನ ಕೆಲಸದಿಂದಲ್ಲ ಎಂದು ಪಾಸ್ಟರ್ ಈ ಸಾಲಿನಿಂದ ಪಿಸುಗುಟ್ಟಿದರೆ, ಕೆಲಸವಿಲ್ಲದ ನಂಬಿಕೆ ಎಂಥದ್ದು ಎಂದು ಫಾದರ್ ಆ ಸಾಲಿನಿಂದ ಪಿಸುಗುಟ್ಟಿದರು. ಪಾಸ್ಟರ್‌ಗೆ ಹುಳು ಮುಟ್ಟಿ ಅಭ್ಯಾಸವಿರಲಿಲ್ಲ. ಒಂದೊಂದನ್ನೂ ಕ್ಷಮೆ ಕೇಳುವವರಂತೆ ಎರಡು ಬೆರಳಲ್ಲಿ ಎತ್ತುತ್ತಾ, ಕೈ ನಿಲ್ಲಿಸಿಯೇ ವಾದಿಸುತ್ತಿದ್ದರು. ಅಮ್ಮ ತಲೆ ಎತ್ತದೆ ಹೇಳಿದಳು.

"ನಂಬ್ಕೆ ಒಂದೇ ಸಾಕು ಅಂದ್ರೆ ಹುಳ ತಾವಾಗೇ ಚಂದ್ರಿಕೆ ಹತ್ತುತ್ವಾ ಅಯ್ಯನೋರೆ? ಒಸಿ ಕೈಯಾಡ್ಸಿ."

ಫಾದರ್ ನಕ್ಕರು. ಅಮ್ಮ ಅವರ ಕಡೆ ತಿರುಗಿ, "ನೀವು ನಗ್ಬೇಡಿ ಸ್ವಾಮಿ. ಹಣ್ಣಾಗ್ದಿರೋ ಹಸೀದೂ ಸೇರ್ಸಿ ಎತ್ತಾಕಿದೀರಿ. ಕೆಲ್ಸ ಮಾಡಿದ್ರೆ ಆಯ್ತದಾ, ನೋಡಿ ಮಾಡ್ಬೇಕು" ಅಂದಳು.

ಸಹಾಯಕ್ಕೆ ಬಂದಿದ್ದ ನಂಜಮ್ಮತ್ತೆ ಇದನ್ನೆಲ್ಲ ಕೇಳಿಸಿಕೊಂಡು, ನಮ್ಮೂರಲ್ಲಿ ಎಂಟು ದೇವರುಗಳಿದ್ದಾವೆ, ಹಬ್ಬ ಬಂದರೆ ಎಲ್ಲಾ ಒಟ್ಟಿಗೆ ಮೆರವಣಿಗೆ ಹೋಗುತ್ತವೆ, ನಿಮಗಿರೋನು ಒಬ್ಬನೇ, ಅವನನ್ನಿಟ್ಟುಕೊಂಡು ಇಷ್ಟು ಜಗಳವಾ ಎಂದು ನನ್ನ ಕಿವಿಯಲ್ಲಿ ಕೇಳಿದಳು. ಪದವೀಧರೆಯಾಗಿ ನಾನು ವಿವರಿಸಲು ಶುರುಮಾಡಿದೆ. ನಾಲ್ಕನೇ ವಾಕ್ಯಕ್ಕೆ ನನಗೇ ದಾರಿ ತಪ್ಪಿತು. ನಂಜಮ್ಮತ್ತೆ, ಪರವಾಗಿಲ್ಲ ಮಗ, ಹುಳ ಆಯಿ ಅಂದಳು.

ಹಣ್ಣಾದ ಹುಳು ಗೂಡು ಕಟ್ಟುವ ಮೊದಲು ಮೈಯ ನೀರನ್ನೆಲ್ಲ ಹೊರಗೆ ಬಿಡುತ್ತದೆ. ಮಧ್ಯಾಹ್ನದ ಹೊತ್ತಿಗೆ ಪಾಸ್ಟರ್ ಇಸ್ತ್ರಿ ಅಂಗಿಗೆ ಅದರ ದೀಕ್ಷೆಯಾಯಿತು. ಅಷ್ಟರಲ್ಲಿ ಅವರು ಎರಡೂ ಕೈಯಲ್ಲಿ ಬಾಚಿ ಬಾಚಿ ಎತ್ತುತ್ತಿದ್ದರು. ಯಾರು ಹೆಚ್ಚು ಚಂದ್ರಿಕೆ ತುಂಬಿದರು ಎಂಬ ಹೊಸ ಪಿಸುಮಾತು ಶುರುವಾಗಿತ್ತು. ಮೂರೂ ಕಾಲಿಗೆ ಕೊನೆಯ ಚಂದ್ರಿಕೆಯನ್ನು ಗೋಡೆಗೆ ಒರಗಿಸಿದೆವು. ಮುಖ ತೊಳೆದೆವೋ ಇಲ್ಲವೋ, ಅಮ್ಮ ಮತ್ತೆ ಹೊಸ ಸೀರೆ ಸುತ್ತಿಕೊಂಡಳು, ನಾವೆಲ್ಲ ನಂಜಮ್ಮತ್ತೆ ಮಗನ ಗೂಡ್ಸ್ ಆಟೋದಲ್ಲಿ ನಿಂತುಕೊಂಡೇ ಪಟ್ಟಣಕ್ಕೆ ಹೋದೆವು. ಸ್ಕೂಟರಿನಲ್ಲಿ ಮುಂದೆ ಹೋದ ಫಾದರ್ ಹಿಂದೆ ಪಾಸ್ಟರ್ ಕೂತಿದ್ದರು. ದಾರಿಯುದ್ದಕ್ಕೂ ವಾದದ ಭರದಲ್ಲಿ ಇಬ್ಬರ ಕೈಗಳೂ ಆಡುತ್ತಿದ್ದವು, ಅವರಲ್ಲೊಬ್ಬರು ಗಾಡಿ ಓಡಿಸುತ್ತಿದ್ದದ್ದೇ ನಮಗೆ ಭಯ.

ಪಾಸ್ಟರ್ ಎರಡು ಭಾಗ ಓದಿದರು. ಒಂದು ಸ್ವಲ್ಪ ಉದ್ದವಾಯಿತು. ಇವಳನ್ನು ಹೆಂಡತಿಯಾಗಿ ಸ್ವೀಕರಿಸುತ್ತೀರಾ ಎಂದು ಫಾದರ್ ಕೇಳಿದರು. ಅಪ್ಪ ಗಂಟಲು ಸರಿಮಾಡಿಕೊಂಡು, "ಅವತ್ತೇ ಒಪ್ಪಿದೀನಿ. ಇವತ್ತೂ ಒಪ್ತೀನಿ" ಅಂದ. ಫಾದರ್ ಪುಸ್ತಕ ನೋಡಿದರು, ಅದರಲ್ಲಿ ಹಾಗಿರಲಿಲ್ಲ. ಪಾಸ್ಟರ್ ಮುಖ ನೋಡಿದರು. ಇಬ್ಬರೂ ತಲೆಯಾಡಿಸಿದರು.

ಪೂಜೆಯಲ್ಲಿ ಪರಮಪ್ರಸಾದದ ಹೊತ್ತಾಯಿತು. ಅಮ್ಮ ಎದ್ದಳು. ಸಾಲಿನ ನಡುವೆ, ಹಿಂದೆ ಮುಂದೆ ಯಾರ್ಯಾರೋ ಇರುವ ಒಂದು ಜಾಗದಲ್ಲಿ, ಎಲ್ಲರ ಹಾಗೆ ನಿಂತಳು. ಅವಳು ಕೈ ಚಾಚಿದ್ದನ್ನು ನಾನು ನೋಡಿದೆ, ಆಮೇಲಿನದು ನೋಡಲಿಲ್ಲ, ಕಣ್ಣಿಗೆ ಏನೋ ಬಿದ್ದಿತ್ತು. ಅಪ್ಪ ಮುಂದಿನ ಬೆಂಚಿನಲ್ಲಿ ಕೂತೇ ಇದ್ದ. ಅವನಿಗೆ ಅಲ್ಲಿ ಪ್ರಸಾದ ಕೊಡುವ ಹಾಗಿಲ್ಲ, ಅದು ಯಾವ ತಾತನ ಕೋಪದ ಮಾತೂ ಅಲ್ಲ, ಇಬ್ಬರ ಸಭೆಗಳ ನಡುವೆ ಇನ್ನೂ ಬಗೆಹರಿಯದ ನಿಜವಾದ ಮಾತು. ಪಾಸ್ಟರ್ ಹೋಗಿ ಅವನ ಪಕ್ಕ ಕೂತರು.

ಫೋಟೋ ಎಲ್ಲ ಮುಗಿದು ಜನ ಹೋದ ಮೇಲೆ ಅಪ್ಪ ಅಮ್ಮ ಇಬ್ಬರೇ ಮೆಟ್ಟಿಲ ಹತ್ತಿರ ನಿಂತಿದ್ದರು. ನಾನು ಕೇಳಿಸಿಕೊಳ್ಳಬಾರದಷ್ಟು ಹತ್ತಿರದಲ್ಲಿದ್ದೆ. ಹೆಂಗಿತ್ತು ಅಂದ ಅಪ್ಪ. ರುಚಿ ಅಂತ ಏನೂ ಇಲ್ಲ ಅಂದಳು ಅಮ್ಮ. ಹಾಗಂದವಳ ಮುಖ ಬೆಳಕಾಗಿ, ನಗು ಬಂದು, ಆ ನಗು ನಿಲ್ಲದೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಇದ್ದಕ್ಕಿದ್ದಂತೆ ನಿಲ್ಲಿಸಿ, ನಿಮಗೂ ಒಂದು ಕೊಟ್ಟಿದ್ದರೆ ಚೆನ್ನಾಗಿತ್ತು ಅಂದಳು.

"ನೀನು ಇಷ್ಟು ವರ್ಷ ಕಾದೆ. ಇನ್ಮೇಲೆ ನನ್ ಪಾಳಿ ಕಣೇ ಲೂರ್ದು. ನಾನು ಕಾಯ್ತೀನಿ."

"ಎಲ್ಲೀಗಂಟ?"

ಅಪ್ಪ ಗದ್ದದಿಂದ ಗೇಟಿನ ಕಡೆ ತೋರಿಸಿದ. ಅಲ್ಲಿ ಫಾದರ್ ಮತ್ತು ಪಾಸ್ಟರ್ ಸ್ಕೂಟರಿನ ಎರಡು ಬದಿಗೆ ನಿಂತು ಮತ್ತೆ ಶುರುಮಾಡಿದ್ದರು, ಈಗ ಪಿಸುಮಾತಿನ ಹಂಗೂ ಇರಲಿಲ್ಲ. "ಅವರಿಬ್ರೂ ಒಪ್ಪೋಗಂಟ" ಅಂದ.

ಅಮ್ಮ ಅವರ ಕಡೆ ನೋಡಿದಳು. ಹೊಸ ಸೀರೆಯ ನೆರಿಗೆ ಮಡಿಸಿಕೊಂಡು ಮೆಟ್ಟಿಲ ಮೇಲೆ ಕೂತು, ಪಕ್ಕದ ಜಾಗವನ್ನು ಅಂಗೈಯಿಂದ ಒರೆಸಿದಳು.

"ಹಂಗಾರೆ ಕೂತ್ಕಳಿ. ನಿಂತ್ಕಂಡು ಕಾಯಕ್ಕಾಯ್ತದಾ."